ಚಾಚಾರ ಕೈಯಾಗ ಒಂದೂ ಫೈಲ್ ಕಳದಿಲ್ಲ

ಕೋರ್ಟು ಅಂದ್ರ ಮಂದಿ ಕಣ್ಣೀರು ಹಾಕೊಂತ ಬರೋ ಜಾಗ ಅಂತ ನೀವು ತಿಳಕೊಂಡಿರಬಹುದು. ಒಮ್ಮೆ ನಮ್ಮ ಕ್ಲಾರ್ಕ್ ಖೋಲಿಗೆ ಬಂದು ನೋಡ್ರಿ. ಇಪ್ಪತ್ತಾರು ವರ್ಷದ ನೌಕರಿಯಾಗ ನಾನು ನಗದೇ ಮನಿಗೆ ಹೋದ ದಿನ ಒಂದೂ ನೆನಪಿಲ್ಲ. ನಾವಾಗೇ ನಗಸ್ಬೇಕು ಅಂತ ಏನೂ ಮಾಡಂಗಿಲ್ಲ, ಅದು ತಾನೇ ಆಗ್ತೈತಿ.

ನಮ್ಮ ಮನಿ ಕಾಚಿಗೂಡದಾಗ. ಮೂಲ ವಿಜಾಪುರ ಕಡೆಯವ್ರು, ಅಜ್ಜನ ಕಾಲಕ್ಕ ಹೈದ್ರಾಬಾದಿಗೆ ಬಂದು ಕುಂತವ್ರು. ಒಳಗ ಕನ್ನಡ, ಬಾಗಲಾ ದಾಟಿದ್ರ ತೆಲುಗು, ಆಟೋ ಹತ್ತಿದ್ರ ಹಿಂದಿ. ನಾನು ಊರ ಹೊರಗಿನ ಒಂದು ಸಣ್ಣ ಕೋರ್ಟಿನ್ಯಾಗ ಹೆಡ್ ಕ್ಲಾರ್ಕ್. ಆ ಕಡೆ ನಮ್ಮಂಥಾ ನಾಕು ಸಣ್ಣ ಕೋರ್ಟು ಇದ್ವು. ನಾಕಕ್ಕೂ ಬ್ಯಾರೆ ಬ್ಯಾರೆ ಕ್ಲಾರ್ಕ್ ಆಫೀಸು, ಬ್ಯಾರೆ ಮೊಹರು, ಬ್ಯಾರೆ ರಿಜಿಸ್ಟರು. ಹಿಂತಾದ್ರಾಗ ಸರ್ಕಾರ ಹೇಳ್ತು: ಇನ್ನ ಇವೆಲ್ಲಾ ಸಾಕು, ನಾಕೂ ಕೂಡಿ ಒಂದೇ ದೊಡ್ಡ ಕಚೇರಿ, ಇಡೀ ರಾಜ್ಯಕ್ಕ ಒಂದೇ ಕಂಪ್ಯೂಟರ್ ವ್ಯವಸ್ಥಾ. ಹೊಸಾ ಕಟ್ಟಡ ಬಂತು, ನಮ್ಮನ್ನ ಕೂಡಿಸಾಕ ಒಬ್ರು ಹರೇದ ಆಫೀಸರೂ ಬಂದ್ರು. ಭಾಳ ಓದಿದವ್ರು, ಭಾಳ ನೆಟ್ಟಗ ಮಾತಾಡವ್ರು.

ನಮ್ಮ ರೆಕಾರ್ಡ್ ಖೋಲಿ ನೋಡ್ಕೊಳ್ಳೋರು ಚಾಚಾ. ಅವ್ರ ಅಸಲಿ ಹೆಸ್ರು ಸರ್ವಿಸ್ ಬುಕ್ಕಿಗೆ ಬಿಟ್ರ ಬ್ಯಾರೆ ಯಾರಿಗೂ ಗೊತ್ತಿಲ್ಲ. ಜಡ್ಜ್ ಸಾಹೇಬ್ರೂ ಚಾಚಾ, ವಕೀಲ್ರೂ ಚಾಚಾ, ಚಾದಂಗಡಿಯವ್ನೂ ಚಾಚಾ. ಅವ್ರದೂ ನಮ್ಮ ಕಡೆನೇ, ಸಿಂದಗಿ. ನಾವಿಬ್ರೇ ಇದ್ದಾಗ ಕನ್ನಡ ಮಾತಾಡ್ತಿದ್ವಿ. ಅಕ್ಕಾ ಅಂದ್ಹಂಗ ನನಗ "ಬಾಯಿ" ಅಂತಿದ್ರು. ಅವ್ರು ರಿಟೈರ್ ಆಗಾಕ ಮೂರು ತಿಂಗಳು ಉಳದಿತ್ತು.

ಸರ್ಕಾರದ ಹುಕುಮಿನ್ಯಾಗ ಒಂದು ಸಾಲು ಇತ್ತು. ಹಳೇ ರಿಜಿಸ್ಟರಿನ್ಯಾಗ ಬರದ ಒಂದೊಂದು ಫೈಲೂ ಹೊಸಾ ಕಚೇರಿಗೆ ಎಣಿಸಿ ಒಪ್ಪಿಸ್ಬೇಕು. ಒಂದು ಸಿಗ್ಲಿಲ್ಲಂದ್ರ ರೆಕಾರ್ಡ್ ಕೀಪರ್ ಹೊಣಿ, ಅವ್ರಿಗೆ ಸಾಫ್ ಸರ್ಟಿಫಿಕೇಟ್ ಇಲ್ಲ.

ಚಾಚಾ ಅದನ್ನ ಓದಿಸಿ ಕೇಳಿ ನಕ್ಕುಬಿಟ್ರು. "ಬಾಯಿ, ಮೂವತ್ನಾಕು ವರ್ಷದಾಗ ನನ್ನ ಕೈಯಾಗ ಒಂದು ಹಾಳಿ ಸೈತ ಕಳದಿಲ್ಲ. ಒಂದರೆ ಕಳದಿದ್ರ ಸರ್ಟಿಫಿಕೇಟ್ ಬ್ಯಾಡ, ನಾನೇ ಮೋತಿ ಮುಚ್ಕೊಂಡು ಹೊಂಟ್ಹೋಗ್ತೀನಿ" ಅಂದ್ರು. ಆ ಮಾತು ನೆನಪಿಟ್ಕೋರಿ.

೧. ಕಚ್ಚು ಇದ್ದ ಮೊಹರು

ನಮ್ಮ ಕೋರ್ಟಿನ ಮೊಹರು ಹಿತ್ತಾಳಿದು, ಗುಂಡಂದು. ನಾನು ನೌಕರಿಗೆ ಸೇರೋಕ್ಕಿಂತ ಮೊದ್ಲೇ ಅದು ಯಾರದೋ ಕೈಯಿಂದ ಜಾರಿ ಪಾವಟಿಗಿ ಮ್ಯಾಲಿಂದ ಟಣ್ ಟಣ್ ಅಂತ ಉರುಳಿ ಬಿದ್ದು, ಅಂಚಿಗೆ ಒಂದು ಕಚ್ಚು ಬಿದ್ದಿತ್ತು. ಹೊಸಾದು ಬೇಕು ಅಂತ ಅರ್ಜಿ ಬರದ್ವಿ, ಬರಲಿಲ್ಲ. ಹಂಗೇ ನಡಸಿದ್ವಿ. ನಾವು ಕೊಟ್ಟ ನಕಲು ಪ್ರತಿ ಎಲ್ಲಾದ್ರ ಮ್ಯಾಲೂ ಮೊಹರು ಗುಂಡಗ ಇದ್ದು, ಬಲಗಡೆ ಮ್ಯಾಲ ಇಲಿ ಕಡದಂಗ ಕಾಣ್ತಿತ್ತು.

ಹೊಸಾ ಕಚೇರಿಗೆ ಹೊಸಾ ಮೊಹರು ಬಂತು. ಏನ್ ಛಂದ ಅಂತೀರಿ! ಪೂರಾ ಗುಂಡಗ, ಒಂದು ಗೀರು ಇಲ್ಲ. ನಾವು ಎಲ್ಲಾರೂ ಅದನ್ನ ಕೈಯಾಗ ಹಿಡದು ನೋಡಿ ಹಿರಿಹಿರಿ ಹಿಗ್ಗಿದ್ವಿ.

ಮೂರನೇ ದಿನಕ್ಕ ಒಬ್ರು ವಕೀಲ್ರು ನಕಲು ಪ್ರತಿ ಹಿಡಕೊಂಡು ವಾಪಸ್ ಬಂದ್ರು. "ಬ್ಯಾಂಕಿನವ್ರು ತಗೊಳ್ಳವಲ್ರು. ನಿಮ್ಮ ಕೋರ್ಟಿನ ಮೊಹರಿಗೆ ಕಚ್ಚು ಇರ್ತೈತಿ, ಇದಕ್ಕಿಲ್ಲ, ಇದು ನಕಲಿ ಅಂತಾರ."

ಮರುದಿನ ತಹಶೀಲ್ ಕಚೇರಿಯಿಂದ ಇಬ್ರು ಬಂದ್ರು. ಅವ್ರದೂ ಅದೇ ಮಾತು. ಇಷ್ಟು ವರ್ಷ ನಾವು ನಾಚ್ಕೊಂಡು ಬೆರಳಿನಾಗ ಮುಚ್ಚಿ ಮುಚ್ಚಿ ಕೊಟ್ಟ ಆ ಕಚ್ಚನ್ನ ನೋಡೇ ಮಂದಿ ನಮ್ಮನ್ನ ನಂಬತಿದ್ರಂತ! ಆಫೀಸರು ಬ್ಯಾಂಕಿಗೆ ಫೋನ್ ಮಾಡಿದ್ರು, ಪತ್ರ ಬರದ್ರು, ಹೊಸಾ ಮೊಹರಿನ ಮಾದರಿ ಕಳಿಸಿದ್ರು. ಏನೂ ಆಗ್ಲಿಲ್ಲ.

ಕಡೀಕ ಆ ವಕೀಲ್ರು ಚಾಚಾನ್ನ ಮೂಲಿಗೆ ಕರದು, "ಚಾಚಾ, ನಿಮಗ ಪುಣ್ಯ ಬರ್ತೈತಿ. ಹೊಸಾ ಮೊಹರು ಒಮ್ಮೆ ಪಾವಟಿಗಿ ಮ್ಯಾಲಿಂದ ಬೀಳಸ್ರಿ" ಅಂದ್ರು.

ಚಾಚಾ ನಿಟ್ಟುಸಿರು ಬಿಟ್ರು. "ಬೀಳಸ್ತಿದ್ದೆ ವಕೀಲ್ ಸಾಬ್. ಆದ್ರ ಹೊಸಾ ಕಟ್ಟಡದಾಗ ಲಿಫ್ಟ್ ಹಾಕ್ಯಾರಲ್ರಿ."

೨. ನಾಕು ಗಡಿಯಾರ

ನಾಕು ಆಫೀಸು ಒಂದೇ ಹಾಲಿನ್ಯಾಗ ಕೂಡಿದ ದಿನ ಎಲ್ಲಾರೂ ತಮ್ಮ ತಮ್ಮ ಸಾಮಾನು ಹೊತ್ಕೊಂಡು ಬಂದ್ರು. ಕುರ್ಚಿ, ಕೀಲಿ, ನೀರಿನ ಗಡಿಗಿ, ದೇವ್ರ ಫೋಟೋ. ಅದ್ರ ಕೂಡ ಒಂದೊಂದು ಗ್ವಾಡೀ ಗಡಿಯಾರ. ನಮ್ಮದನ್ನ ಬಿಟ್ಟು ಹ್ಯಾಂಗ ಬರ್ಲಿ ಅಂತ ನಾಕೂ ಆಫೀಸಿನವ್ರು ಹಟಾ ಹಿಡದ್ರು. ನಾಕನ್ನೂ ಸಾಲಾಗಿ ಒಂದೇ ಗ್ವಾಡಿಗೆ ಹಾಕಿದ್ರು.

ನಾಕೂ ನಾಕು ಟೈಮ್ ತೋರಸ್ತಿದ್ವು. ನಮ್ಮದು ಹತ್ತು ನಿಮಿಷ ಹಿಂದ, ಬಾಜೂ ಕೋರ್ಟಿಂದು ಕಾಲು ತಾಸು ಮುಂದ. ವಾರದೊಳಗ ನಮ್ಮ ನಾಕೂ ಆಫೀಸು ಖರೇನ ಒಂದಾದ್ವು ನೋಡ್ರಿ. ಬೆಳಿಗ್ಗೆ ಬರಾಕ ಎಲ್ಲಾರೂ ನಮ್ಮ ಗಡಿಯಾರ ನೋಡ್ತಿದ್ರು. ಸಂಜಿಕ ಹೋಗಾಕ ಎಲ್ಲಾರೂ ಬಾಜೂ ಕೋರ್ಟಿಂದು ನೋಡ್ತಿದ್ರು. ನಡುವಿನ ಎರಡು ಚಾಕ್ಕ ಇದ್ವು, ಒಂದು ಸುರೂ ಮಾಡಾಕ, ಒಂದು ಮುಗಸಾಕ.

ಆಫೀಸರಿಗೆ ಹದಿನೈದು ದಿನಕ್ಕ ಗೊತ್ತಾತು. ನಾಕೂ ಇಳಿಸಿ ಕಪಾಟಿನ್ಯಾಗ ಇಟ್ಟು ಕೀಲಿ ಹಾಕಿದ್ರು. "ಇನ್ನ ಮುಂದ ಒಂದೇ ಟೈಮ್. ಟೋಕನ್ ತೋರ್ಸೋ ದೊಡ್ಡ ಸ್ಕ್ರೀನ್ ಮ್ಯಾಲ ಏನ್ ಬರ್ತೈತಿ ಅದೇ ಸರ್ಕಾರದ ಟೈಮ್" ಅಂದ್ರು. ನಾವು ತಲಿ ಅಲ್ಲಾಡಿಸಿದ್ವಿ.

ಮರುದಿನನೇ ಆ ಸ್ಕ್ರೀನ್ ಹನ್ನೆರಡು ಐವತ್ತೆಂಟಕ್ಕ ಗಪ್ಪನೆ ನಿಂತುಬಿಡ್ತು. ನಮ್ಮ ಊಟದ ಹೊತ್ತು ಒಂದು ಗಂಟಿಗೆ. ಎಲ್ಲಾರೂ ಡಬ್ಬಿ ತೊಡಿ ಮ್ಯಾಲ ಇಟ್ಕೊಂಡು ಸ್ಕ್ರೀನ್ ನೋಡ್ಕೊಂತ ಕುಂತ್ವಿ. ಹುಕುಮ್ ಅಂದ್ರ ಹುಕುಮ್. ಹೊಟ್ಟಿ ತಾಳ ಹಾಕಾಕತ್ತಿತ್ತು, ಸ್ಕ್ರೀನ್ ಅಲ್ಲಾಡವಲ್ದು. ಒಂದೂವರಿ ಹೊತ್ತಿಗೆ ಚಾಚಾ ಎದ್ದು, ಕೈ ಕಟ್ಟಿ ಆಫೀಸರ್ ಮುಂದ ನಿಂತ್ರು.

"ಸಾಬ್, ಒಂದು ಗಂಟಿ ಆಗಾಕ ಇನ್ನೂ ಮ್ಯಾಲಿಂದ ಮಂಜೂರಾತಿ ಬಂದಿಲ್ಲೇನ್ರಿ?"

ಸಂಜಿಕ ಒಂದು ಗಡಿಯಾರ ವಾಪಸ್ ಗ್ವಾಡಿಗೆ ಬಂತು. ಯಾವ್ದು ಅಂತ ಕೇಳಬ್ಯಾಡ್ರಿ. ಕಾಲು ತಾಸು ಮುಂದ ಇದ್ದದ್ದೇ.

೩. ಜಗಳ ಯಾವ್ದು ಹೇಳ್ರಿ

ಚಾಚಾ ಫೈಲ್ ಇಡೋ ರೀತಿನೇ ಬ್ಯಾರೆ. ಬೇಗಂ ಬಜಾರಿನಿಂದ ಅರಿವಿ ತಂದು, ಕೇಸಿನ ತರಾ ನೋಡಿ ಕೆಂಪು, ಹಳದಿ, ಬಿಳಿ ಗಂಟು ಕಟ್ಟತಿದ್ರು. ಗಂಟಿಗೆ ಗಂಟು ಹಾಕೋದೂ ತಮ್ಮದೇ ತರಾ. ಬ್ಯಾರೆಯವ್ರು ಬಿಚ್ಚಿ ಕಟ್ಟಿದ್ರ ದೂರದಿಂದಾನೇ ನೋಡಿ, "ಇದಕ್ಕ ಯಾರ ಕೈ ಹಚ್ಚೀರಿ?" ಅಂತಿದ್ರು. ಆದ್ರ ನಂಬರ್ ಅಂದ್ರ ಅವ್ರಿಗೆ ಆಗ್ತಿದ್ದಿಲ್ಲ. ಒಂದೊಂದು ಕೇಸಿಗೂ ಒಂದೊಂದು ಅಡ್ಡ ಹೆಸ್ರು ಇಟ್ಟಿದ್ರು. ಆ ಹೆಸ್ರು ನಮ್ಮ ಕೋರ್ಟಿನ್ಯಾಗ ಎಲ್ಲಾರಿಗೂ ಬಾಯಿಪಾಠ.

ಆಫೀಸರು ಒಮ್ಮೆ ಎಲ್ಲಾರ ಮುಂದ ಹೊಸಾ ವ್ಯವಸ್ಥಾ ತೋರಸ್ತೀನಿ ಅಂದ್ರು. ಉದ್ದಾನೆ ನಂಬರ್ ಹೊಡದು, "ಫೈಲ್ ಯಾವ ಕಪಾಟಿನ್ಯಾಗ ಐತಿ ಅಂತ ಈಗ ತಾನೇ ಹೇಳ್ತೈತಿ ನೋಡ್ರಿ" ಅಂದ್ರು. ಸ್ಕ್ರೀನ್ ಮ್ಯಾಲ ಒಂದು ಸಣ್ಣ ಚಕ್ರ ತಿರಗಾಕ ಹತ್ತಿತು. ತಿರಗಿತು, ತಿರಗಿತು.

ಚಾಚಾಗ ತಡಿಲಿಲ್ಲ. "ನಂಬರ್ ಇರ್ಲಿ ಸಾಬ್, ಜಗಳ ಯಾವ್ದು ಹೇಳ್ರಿ."

ಆಫೀಸರು ನನ್ನ ಮೋತಿ ನೋಡಿದ್ರು. ನಾನು ರಿಜಿಸ್ಟರ್ ನೋಡಿ ಹೇಳಿದೆ: "ಚಾಚಾ, ಬ್ಯಾಂಡ್."

"ಹಾಂ, ಬ್ಯಾಂಡ್!" ಅಂತ ಚಾಚಾ ಒಳಗ ಹೋದ್ರು. ಅದು ಒಂದು ಮದುವಿ ಕೇಸು. ಬ್ಯಾಂಡಿನವ್ರು ಓಣಿ ತಪ್ಪಿ ಬ್ಯಾರೆ ಯಾರದೋ ಮದುವ್ಯಾಗ ರಾತ್ರಿ ತನಕಾ ಬಾರಿಸಿ ಬಂದಿದ್ರು. ವರನ ಅಪ್ಪ ಬ್ಯಾಂಡಿನವ್ರ ಮ್ಯಾಲ ದಾವಾ ಹಾಕಿದ್ದ. ಚಾಚಾ ಹಳದಿ ಗಂಟು ಬಗಲಾಗ ಹಿಡ್ಕೊಂಡು ಬಂದು, ಧೂಳಾ ಜಾಡಿಸಿ, ಗಂಟು ಬಿಚ್ಚಿ, ಯಾವ ಸಾಕ್ಷಿ ಏನ್ ಹೇಳಿದ್ದ ಅನ್ನೋದನ್ನೂ ಹೇಳಿ ಮುಗಿಸಿದ್ರು. ಸ್ಕ್ರೀನ್ ಮ್ಯಾಲ ಚಕ್ರ ಇನ್ನೂ ತಿರಗಾಕತ್ತಿತ್ತು.

ಆ ದಿನ ನನ್ನ ಎದಿ ಒಂದು ಮೊಳ ಉಬ್ಬಿತ್ತು. ನಮ್ಮ ಚಾಚಾ! ಆಫೀಸರಿಗೂ ಖುಷಿ ಆತು, ಸುಳ್ಳ ಯಾಕ ಹೇಳ್ಲಿ. ಅಷ್ಟರಾಗ ಅವ್ರ ಮ್ಯಾಲಿನ ಸಾಹೇಬ್ರ ಫೋನ್ ಬಂತು, ಎಲ್ಲಾ ಸರಿಯಾಗಿ ನಡದೈತೇನು ಅಂತ.

"ಸರ್ವರ್ ನಿಂತೈತಿ ಸರ್" ಅಂದ್ರು ಆಫೀಸರು. "ಆದ್ರ ಚಾಚಾ ನಡದಾರ."

೪. ಮೂರನೇ ಪ್ರತಿವಾದಿ

ಹಳೇ ಕೇಸುಗಳನ್ನ ಕಂಪ್ಯೂಟರಿಗೆ ಹಾಕಾಕ ಒಬ್ಬ ಆಪರೇಟರ್ ಬಾಯಿ ಬಂದ್ಳು. ಭಾಳ ಶಿಸ್ತಿನ ಹೆಣ್ಮಗಳು. ಹೇಳಿದ್ದನ್ನ ಹೇಳಿದ್ಹಂಗ ಹೊಡಿಯಾಕಿ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮಿಲ್ಲ, ನಡುವ ಪ್ರಶ್ನಿನೂ ಇಲ್ಲ. ಕೆಲವು ಫೈಲಿನ ಮ್ಯಾಲಿನ ಹಾಳಿ ಗೆದ್ದಲಿ ತಿಂದು ಹೋಗಿದ್ವು, ಹೆಸ್ರು ಓದಾಕ ಬರ್ತಿದ್ದಿಲ್ಲ. ಅಂಥಾವನ್ನ ಚಾಚಾ ನಿಚ್ಚಣಿಕಿ ಮ್ಯಾಲ ನಿಂತು ಕೂಗಿ ಹೇಳ್ತಿದ್ರು, ಆಕಿ ಕೆಳಗ ಕುಂತು ಹೊಡೀತಿದ್ಳು.

ಒಂದು ಸಂಜಿಕ ನಾನು ಸ್ಕ್ರೀನ್ ತಪಾಸಣಿ ಮಾಡಾಕತ್ತಿದ್ದೆ. ಆಸ್ತಿ ಕೇಸೊಂದು. ಮೊದಲನೇ ಪ್ರತಿವಾದಿ ಅಣ್ಣ, ಎರಡನೇ ಪ್ರತಿವಾದಿ ತಮ್ಮ. ಮೂರನೇ ಪ್ರತಿವಾದಿ ಹೆಸ್ರಿನ ಜಾಗದಾಗ ಏನಿತ್ತು ಅಂತೀರಿ? "ಚಾ ತರಸ್ರಿ, ಸಕ್ರಿ ಕಡಿಮಿ."

ಚಾಚಾ ಮ್ಯಾಲಿಂದ ಹೆಸ್ರು ಹೇಳ್ಕೊಂತ ನಡುವ ಚಾ ಕೇಳಿದ್ರಂತ. ಆಕಿ ಅದನ್ನೂ ಹೊಡದಿದ್ಳು. ನಾನು ನಕ್ಕು ನಕ್ಕು ಕಣ್ಣಾಗ ನೀರು ತಂದೆ. "ಏನ್ ಬಾಯಿ, ಇದು ಹೆಸ್ರಂತ ಅನಸ್ತೇನು ನಿನಗ?" ಅಂದೆ.

ಆಕಿ ಗಂಭೀರ ಆಗೇ ಹೇಳಿದ್ಳು: "ಮೇಡಂ, ಹೆಸ್ರಿನ್ಯಾಗ ಆರಿಸೋ ಅಧಿಕಾರ ನಂಗ ಕೊಟ್ಟಿಲ್ಲ."

ಒಂದೇ ತಪ್ಪು ಆಗೈತಿ, ತಿದ್ದಿದ್ವಿ, ಮುಗೀತು ಅಂತ ನಾನು ಸುಮ್ನಾದೆ. ಆಗ ಇನ್ನೊಂದೆರಡು ಸ್ಕ್ರೀನ್ ನೋಡಿದ್ದಿದ್ರ ಮುಂದಿನ ಫಜೀತಿ ಆಗ್ತಿದ್ದಿಲ್ಲ.

೫. ಸಿಕ್ಕಿದ್ದೆಲ್ಲಾ ಸಿಕ್ತು

ಚಾಚಾ ರಿಟೈರ್ ಆಗಾಕ ಎಂಟು ದಿನ ಇದ್ದಾಗ ಎಣಿಕಿ ಮುಗೀತು. ಹಳೇ ರಿಜಿಸ್ಟರಿನ್ಯಾಗ ಇದ್ದದ್ದೆಲ್ಲಾ ಹೊಸಾ ಕಪಾಟಿನ್ಯಾಗ ಐತಿ, ಒಂದನ್ನ ಬಿಟ್ಟು. ಸ್ಕ್ರೀನ್ ಮ್ಯಾಲ ಒಂದೇ ಒಂದು ಸಾಲು ಕೆಂಪಗ: ಸಿಕ್ಕಿಲ್ಲ. ಊರ ಹೊರಗಿನ ಹಳ್ಯಾಗ ಒಬ್ಬ ಅಜ್ಜಿ ಹಾಕಿದ ದಾವಾ. ಆಕಿ ಹುಣಸಿಮರಕ್ಕ ಹತ್ತಿ ಬಾಜೂ ಮನಿಯವ್ರು ಗ್ವಾಡಿ ಕಟ್ಟಿದ್ರು, ಮರದ ಜಾಗ ನಂದು, ಗ್ವಾಡಿ ತಗಸ್ರಿ ಅಂತ.

ಚಾಚಾರ ಮೋತಿ ನೋಡಾಕ ಆಗ್ಲಿಲ್ಲ ನನಗ. "ಹುಣಸಿಮರ ಹೋತಲ್ಲ ಬಾಯಿ. ಹುಣಸಿಮರ ಎಲ್ಲಿ ಹೋತು?" ಅಂತ ಅದೇ ಒಂದು ಮಾತು. ಮಧ್ಯಾಹ್ನ ಡಬ್ಬಿ ತೆಗೀಲಿಲ್ಲ. ಆಫೀಸರು ಕೆಟ್ಟವ್ರಲ್ಲ, ಆದ್ರ ಅವ್ರೂ ಏನ್ ಮಾಡ್ಯಾರು? "ಚಾಚಾ, ಒಂದು ಕೆಂಪು ಸಾಲು ಇದ್ರ ಸರ್ಟಿಫಿಕೇಟ್ ಕಂಪ್ಯೂಟರೇ ಕೊಡಂಗಿಲ್ಲ" ಅಂದ್ರು. ನನಗ ಸಿಟ್ಟೂ ಬಂತು, ಸಂಕಟಾನೂ ಆತು. ಮೂವತ್ನಾಕು ವರ್ಷ ಧೂಳಾ ತಿಂದ ಮನಷಾಗ ಕಡೀ ವಾರ ಇದೇನ್ರಿ?

"ಇಡೀ ಆಫೀಸು ಹುಡಕ್ರಿ" ಅಂದೆ. ನಾಕೂ ಆಫೀಸಿನವ್ರು ಅಂಗಿ ತೋಳು ಮ್ಯಾಲ ಮಾಡಿ ಇಳದ್ರು. ಹಳೇ ಖೋಲಿ, ಹೊಸಾ ಖೋಲಿ, ಕಪಾಟಿನ ಕೆಳಗ, ಕಪಾಟಿನ ಹಿಂದ. ಫೈಲ್ ಒಂದನ್ನ ಬಿಟ್ಟು ಎಲ್ಲಾ ಸಿಕ್ತು. ಯಾರದೋ ಕಣ್ಣಿನ ಚಾಳೀಸು ಸಿಕ್ತು. ಮೂರು ಛತ್ರಿ ಸಿಕ್ಕವು. ಯಾವಾಗೋ ಜಪ್ತಿ ಮಾಡಿ ತಂದ ತಬಲಾ ಸಿಕ್ತು, ಒಂದೇ. ಕಡೀಕ ಒಂದು ಕಪಾಟಿನ ಹಿಂದ ನಮ್ಮ ಹಿರೇ ಟೈಪಿಸ್ಟ್ ಒಬ್ರು ಹದಿನೇಳು ವರ್ಷದ ಹಿಂದ ಹಾಕಿದ್ದ ರಜಾ ಅರ್ಜಿ ಸಿಕ್ತು. ಜಡ್ಜ್ ಸಾಹೇಬ್ರು ಮಂಜೂರ್ ಮಾಡಿ ಸಹಿ ಹಾಕಿದ್ರು, ಇವ್ರಿಗೆ ಮುಟ್ಟಿದ್ದೇ ಇಲ್ಲ.

ಟೈಪಿಸ್ಟ್ ಅದನ್ನ ಓದಿ, ಧೂಳಾ ಒರಸಿ, ನನ್ನ ಕಡೆ ಬಂದ್ರು. "ಮೇಡಂ, ಹಂಗಾದ್ರ ನಾನು ನಾಳಿಂದ ನಾಕು ದಿನ ಹೋಗ್ಲೇನು? ಅತ್ತಿ ಮನಿಯಾಗ ಸೀಮಂತ ಇತ್ತು ಆಗ. ಆ ಕೂಸು ಈಗ ಕಾಲೇಜಿಗೆ ಹೋಗ್ತೈತಿ, ಅದನ್ನರೆ ನೋಡಿ ಬರ್ತೀನಿ."

೬. ಹುಣಸಿಮರಾ, ಹಾಜರ್ ಹೋ

ಚಾಚಾರ ಕಡೀ ದಿನ ಬಂತು. ಇಸ್ತ್ರಿ ಮಾಡಿದ ಬಿಳಿ ಪೈಜಾಮಾ, ಕರೀ ಶೇರ್ವಾನಿ. ಹೂವಿನ ಮಾಲಿ ತಂದು ಇಟ್ಟಿದ್ವಿ, ಆದ್ರ ಹಾಕಾಕ ಯಾರ ಕೈಯೂ ಮುಂದ ಬರವಲ್ದು. ಕೆಂಪು ಸಾಲು ಇನ್ನೂ ಕೆಂಪಗೇ ಇತ್ತು.

ಅದೇ ದಿನ ಬರ್ರಿ ಅಂತ, ಕಂಪ್ಯೂಟರಿನ್ಯಾಗ ಹಾಕಿದ ಎಲ್ಲಾ ಕೇಸಿನ ಮಂದಿಗೂ ಮೊದ್ಲೇ ನೋಟಿಸು ಹೋಗಿತ್ತು: ನಿಮ್ಮ ಕೇಸು ಹೊಸಾ ಕಚೇರಿಗೆ ಬಂದೈತಿ, ಬಂದು ನಿಮ್ಮ ವಿವರ ಸರಿ ಐತೇನು ನೋಡ್ಕೋರಿ ಅಂತ. ಕಂಪ್ಯೂಟರ್ ತಾನೇ ಬರದು ಕಳಿಸಿದ್ದು. ಅವನ್ನ ಹಂಚಾವ್ರು ನಮ್ಮ ಅಮೀನ್ರು. ಅಮೀನ್ರಿಗೆ ಒಂದು ಹಟಾ ಐತಿ. ತಮ್ಮ ನೌಕರಿಯಾಗ "ಆಸಾಮಿ ಸಿಗಲಿಲ್ಲ" ಅಂತ ಒಂದು ನೋಟಿಸೂ ವಾಪಸ್ ತಂದವ್ರಲ್ಲ. ಕಾಯ್ದೆ ಪ್ರಕಾರ, ಆಸಾಮಿ ನೋಟಿಸು ತಗೊಳ್ಳಲಿಲ್ಲಂದ್ರ ಅವ್ರ ಮನಿ ಬಾಗಲಕ್ಕ ಅಂಟಿಸಿ, ಸಾಕ್ಷಿ ಸಹಿ ತಗೊಂಡು ಬರ್ಬೇಕು.

ಬೆಳಿಗ್ಗೆ ಅವ್ರು ತಂದ ವರದಿ ಒಂದೊಂದೇ ಓದಿ ಫೈಲಿಗೆ ಹಾಕಾಕತ್ತಿದ್ದೆ. ಒಂದ್ರಾಗ ಹಿಂಗ ಬರದಿತ್ತು:

"ಆಸಾಮಿಯು ಬಾವಿಯ ಹತ್ತಿರ ನಿಂತಿದ್ದರು. ಮೂರು ಸಲ ಹೆಸರು ಹಿಡಿದು ಕರೆದೆ. ಉತ್ತರ ಕೊಡಲಿಲ್ಲ. ನೋಟಿಸು ಮುಂದೆ ಹಿಡಿದೆ. ಕೈ ಚಾಚಲಿಲ್ಲ. ನಿರಾಕರಿಸಿದ್ದಾರೆಂದು ತಿಳಿದು, ಇಬ್ಬರು ಸಾಕ್ಷಿಗಳ ಎದುರು ಅವರ ಮೈಗೇ ಅಂಟಿಸಿ ಬಂದಿದ್ದೇನೆ."

ಅಯ್ಯ ಶಿವನೇ, ಮನಷಾರ ಮೈಗೆ ನೋಟಿಸು ಅಂಟಿಸಿ ಬಂದಾನಲ್ಲ ಇವ ಅಂದೆ. ಮ್ಯಾಲ ಆಸಾಮಿ ಹೆಸ್ರು ನೋಡಿದೆ. ಹುಣಸಿಮರ.

ವಾದಿ: ಹುಣಸಿಮರ. ಪ್ರತಿವಾದಿ: ಗ್ವಾಡಿ.

ಕುರ್ಚಿಯಿಂದ ಹಾರಿ ಎದ್ದೆ. ಆ ಫೈಲಿನ ಮ್ಯಾಲಿನ ಹಾಳಿ ಗೆದ್ದಲಿ ತಿಂದಿತ್ತು, ನಂಬರ್ ಇದ್ದಿದ್ದಿಲ್ಲ. ಚಾಚಾ ನಿಚ್ಚಣಿಕಿ ಮ್ಯಾಲಿಂದ "ಅದಾ? ಅದು ಹುಣಸಿಮರ ಮತ್ತ ಗ್ವಾಡಿ, ಬಾವಿ ಹತ್ರ" ಅಂತ ಹಳ್ಳಿ ಹೆಸ್ರೂ ಸೇರಿಸಿ ಕೂಗ್ಯಾರ. ಆಪರೇಟರ್ ಬಾಯಿ ಹೇಳಿದ್ಹಂಗ ಹೊಡದಾಳ. ಹಳೇ ನಂಬರ್ ಇಲ್ಲದ್ದಕ್ಕ ಕಂಪ್ಯೂಟರ್ ಅದನ್ನ ಹೊಸಾ ಕೇಸು ಅಂತ ತಿಳಕೊಂಡೈತಿ. ನಾವೆಲ್ಲಾ ಅಜ್ಜಿ ಹೆಸ್ರು ಹಾಕಿ ಹಾಕಿ ಹುಡಿಕೇವಿ. ಚಾಚಾ ಪಾಪ ಎಂಟು ದಿನದಿಂದ ಸರಿಯಾದ ಹೆಸ್ರೇ ಹೇಳಾಕತ್ತಿದ್ರು, ಹುಣಸಿಮರ ಎಲ್ಲಿ ಅಂತ. ಒಬ್ರೂ ಆ ಹೆಸ್ರು ಹೊಡದು ನೋಡಿದ್ದಿಲ್ಲ!

ಹೊಸಾ ಕೇಸಿನ ಕಪಾಟಿಗೆ ಓಡಿದೆ. ಬಿಳಿ ಅರಿವಿ, ಚಾಚಾರದೇ ಗಂಟು. ಚಾಚಾ ಅದನ್ನ ಎರಡೂ ಕೈಲೆ ಎತ್ಕೊಂಡ್ರು.

ಆದ್ರ ಆಫೀಸರು ಗಂಟು ಬಿಚ್ಚಿ ನೋಡಿ ತಲಿ ಕೆರಕೊಂಡ್ರು. "ಮೇಡಂ, ಮೊದಲನೇ ಹಾಳಿ ಇಲ್ಲ, ನಂಬರ್ ಇಲ್ಲ, ಒಳಗೆಲ್ಲಾ ಬರೇ ವಾದಿ, ಪ್ರತಿವಾದಿ ಅಂತ ಐತಿ. ಇದು ಆ ಅಜ್ಜಿ ಫೈಲೇ ಅನ್ನಾಕ ದಾಖಲಿ ಏನು? ಆಕಿನೇ ಬಂದು ಹೇಳ್ಬೇಕು."

ಆಕಿ ಹ್ಯಾಂಗ ಬರ್ಬೇಕ್ರಿ? ನೋಟಿಸು ಮರಕ್ಕ ಕೊಟ್ಟಾರ!

ಹನ್ನೊಂದು ಗಂಟಿ ಆತು. ಜವಾನ ಬಾಗಲದಾಗ ನಿಂತು ಸ್ಕ್ರೀನ್ ಮ್ಯಾಲಿನ ಹೆಸ್ರು ಒಂದೊಂದೇ ಕೂಗಾಕ ಹತ್ತಿದ. ನಾಕು ಮಂದಿ ಆದ ಮ್ಯಾಲ ಅವ್ನ ದನಿ ಸ್ವಲ್ಪ ತಡವರಿಸ್ತು. ಆದ್ರೂ ಸರ್ಕಾರದ ಸ್ಕ್ರೀನ್, ಕೂಗದೇ ಹ್ಯಾಂಗ ಬಿಟ್ಟಾನು?

"ಹುಣಸಿಮರಾ, ಹಾಜರ್ ಹೋ!"

ಇಡೀ ಹಾಲ್ ಗೊಳ್ಳಂತ ನಕ್ತು. ಎರಡನೇ ಸಲ ಕೂಗಿದ. ಚಾಚಾ ಕಣ್ಣು ಮುಚ್ಚಿ ಕುಂತಿದ್ರು. ಮೂರನೇ ಸಲ ಕೂಗಿದ.

"ಬಂದೆ, ಬಂದೆ, ಯಾಕಷ್ಟು ಒದರ್ತಿ" ಅಂತ ತೆಲುಗಿನ್ಯಾಗ ಒಂದು ಸಣ್ಣ ದನಿ ಬಂತು. ಒಬ್ಬ ಮುದುಕಿ, ಕಂಕಳಾಗ ಒಂದು ಅರಿವಿ ಚೀಲ, ಮಂದ್ಯಾಗ ದಾರಿ ಮಾಡ್ಕೊಂಡು ಮುಂದ ಬಂದ್ಳು. ಆಫೀಸರ್ ಮುಂದ ನಿಂತು ಅಂದ್ಳು: "ನಾನು ಹುಣಸಿಮರ ಅಲ್ಲಪ್ಪ. ಮರಕ್ಕ ಬಸ್ ಹತ್ತಾಕ ಆಗಂಗಿಲ್ಲ, ಅದಕ್ಕ ನಾ ಬಂದೆ."

ಮರಕ್ಕ ಅಂಟಿಸಿದ ನೋಟಿಸು ನೋಡಾಕ ಊರ ಮಂದಿನೇ ಸೇರಿತ್ತಂತ. ಓದಿ ಹೇಳಿದವ್ರು ಬಾಜೂ ಮನಿಯವ್ರೇ.

ಆಫೀಸರು, "ಅಮ್ಮಾ, ಈ ಕೇಸು ನಿಮ್ಮದೇ ಅನ್ನಾಕ ಏನರೆ ಕಾಗದ ಐತೇನು?" ಅಂದ್ರು. ಮುದುಕಿ ಚೀಲದೊಳಗ ಕೈ ಹಾಕಿ ಮೊದ್ಲು ಒಂದು ಹಿಡಿ ಹುಣಸಿಹಣ್ಣು ತಗದು ಮೇಜಿನ ಮ್ಯಾಲ ಇಟ್ಳು. ಆಮ್ಯಾಲ ನಾಕು ಮಡಿಕಿ ಮಾಡಿದ ಒಂದು ಹಾಳಿ ತಗದ್ಳು. ಗೆದ್ದಲಿ ತಿಂದ ಆ ಮೊದಲನೇ ಹಾಳಿದೇ ನಕಲು ಪ್ರತಿ. ನಂಬರ್ ಐತಿ, ಹೆಸ್ರು ಐತಿ. ಕೆಳಗ ಗುಂಡನ್ನ ಮೊಹರು.

ಆಫೀಸರು ನಂಬರ್ ನೋಡ್ಲಿಲ್ಲ, ಹೆಸ್ರು ನೋಡ್ಲಿಲ್ಲ. ಬಲಗಡೆ ಅಂಚು ನೋಡಿದ್ರು.

"ಕಚ್ಚು ಐತಿ" ಅಂದ್ರು. "ಅಸಲಿ."

ನಾನು ಜೋರಾಗಿ ಚಪ್ಪಾಳಿ ಹೊಡದುಬಿಟ್ಟೆ. ಹೆಡ್ ಕ್ಲಾರ್ಕ್ ಅನ್ನೋದೂ ನೆನಪಾಗ್ಲಿಲ್ಲ. ನಾಕೂ ಆಫೀಸಿನವ್ರು ಎದ್ದು ನಿಂತು ಹೊಡದ್ರು. ಆಪರೇಟರ್ ಬಾಯಿ ಒಂದು ಗುಂಡಿ ಒತ್ತಿದ್ಳು, ಕೆಂಪು ಸಾಲು ಹಸರ ಆತು. ಚಾಚಾ ಶೇರ್ವಾನಿ ತೋಳಿಲೆ ಕಣ್ಣು ಒರಸ್ಕೊಂಡ್ರು.

ಜವಾನಗ ಇದ್ಯಾವ್ದೂ ಗೊತ್ತಿಲ್ಲ, ಅವ್ನ ಕೆಲಸ ಅವ್ನಿಗೆ. ಬಾಗಲದಾಗಿಂದ ಮುಂದಿನ ಹೆಸ್ರು ಕೂಗಿದ: "ಗ್ವಾಡಿ, ಹಾಜರ್ ಹೋ!"

"ಅದು ಹೋದ ಮಳಿಗಾಲದಾಗ ತೀರ್ಕೊಂಡ್ತಪ್ಪ" ಅಂದ್ಳು ಮುದುಕಿ. "ತಾನೇ ಬಿತ್ತು. ಈಗ ನಾವೂ ಬಾಜೂ ಮನಿಯವ್ರೂ ಅದೇ ಮರದ ನೆಳ್ಳಾಗ ಕುಂತು ಹುಣಸಿಹಣ್ಣು ಬಿಡಸ್ತೀವಿ. ಜಗಳ ಮುಗದು ವರ್ಷ ಆತು. ನಿಮಗ ತಿಳಸ್ಬೇಕು ಅಂತ ಗೊತ್ತಿದ್ದಿಲ್ಲ."

ಸಂಜಿಕ ಮಾಲಿ ಹಾಕಿದ್ವಿ. ಚಾ ಬಂತು, ಬಿಸ್ಕೀಟು ಬಂತು. ಆಫೀಸರು ಸ್ವತಃ ನಿಂತು ಸರ್ಟಿಫಿಕೇಟ್ ಪ್ರಿಂಟ್ ತಗಸಿ, ಎಲ್ಲಾರ ಮುಂದ ಜೋರಾಗಿ ಓದಿದ್ರು: "ಇವರ ವಶದಲ್ಲಿದ್ದ ದಾಖಲೆಗಳಲ್ಲಿ ಒಂದೂ ಕಡಿಮೆ ಇಲ್ಲವೆಂದು ದೃಢೀಕರಿಸಲಾಗಿದೆ." ನಾನು ಹಿಂಗ ಸುತ್ತೂ ನೋಡಿದೆ, ಎಲ್ಲಾರೂ ಕೇಳಿದ್ರೇನು ಅಂತ. ನನ್ನ ಸ್ವಂತ ಅಪ್ಪಗ ಬಹುಮಾನ ಬಂದಂಗ ಆಗಿತ್ತು.

ಆಮ್ಯಾಲ ಆಫೀಸರು ಮ್ಯಾಲಿನ ಸಾಲು ನೋಡಿ ಗಪ್ಪನೆ ನಿಂತ್ರು. ರೆಕಾರ್ಡ್ ಕೀಪರ್ ಹೆಸ್ರಿನ ಜಾಗದಾಗ ದಪ್ಪ ಅಕ್ಷರದಾಗ ಬಿದ್ದಿತ್ತು: ಶ್ರೀ ಚಾಚಾ.

ಎಲ್ಲಾರೂ ಆಪರೇಟರ್ ಬಾಯಿ ಕಡೆ ತಿರಗಿದ್ವಿ. ಆಕಿ, "ಎಲ್ಲಾರೂ ಹಂಗೇ ಅಂದ್ರಿ, ನಾ ಹಂಗೇ ಹೊಡದೆ" ಅಂದ್ಳು.

ಆಫೀಸರು ಅಸಲಿ ಹೆಸ್ರಿಂದು ಇನ್ನೊಂದು ತಗಸಿ ಕೊಟ್ಟು, ಮೊದಲಿನದನ್ನ ಹರಿಯಾಕ ಹೋದ್ರು. ಚಾಚಾ ಅವ್ರ ಕೈ ಹಿಡದ್ರು.

"ಹರೀಬ್ಯಾಡ್ರಿ ಸಾಬ್. ಅಸಲಿ ಹೆಸ್ರಿಂದು ಪೆನ್ಶನ್ನಿಗೆ ಇರ್ಲಿ. ಇದನ್ನ ನಾ ಮನಿಗೆ ಒಯ್ತೀನಿ. ಕಂಪ್ಯೂಟರಿನ್ಯಾಗ ಮಾತ್ರ ಚಾಚಾ ಅಂತಾನೇ ಬಿಡ್ರಿ. ನಾಳಿ ನಾಡಿದ್ದ ಯಾವ್ದರೆ ಫೈಲ್ ಸಿಗದೇ ನೀವು ನನ್ನ ಹುಡಕಾಕ ಹೊಂಟ್ರ, ಅಸಲಿ ಹೆಸ್ರಿಗೆ ನಾ 'ಸಿಕ್ಕಿಲ್ಲ' ಅಂತ ಕೆಂಪಗ ಬರ್ತೀನಿ."